ಬೆರಗಿಗೂ ಮೀಸಲಾತಿ ಕೇಳಬೇಕೇನು?

ದಲಿತರ ಹುಡುಗ ಪುಸ್ತಕ ಹಿಡಿದರೆ ಅದರಲ್ಲಿ ಅವನ ಗೋಳೇ ಇರಬೇಕು. ಅವನ ಅಪ್ಪ ಸಾಲದಲ್ಲಿ ಸಾಯಬೇಕು, ಗುಡಿಸಲು ಸುಡಬೇಕು, ಅಕ್ಕನ ಮಾನ ಹೋಗಬೇಕು, ಕೊನೇ ಪುಟದಲ್ಲಿ ಅವನು ಮುಷ್ಟಿ ಬಿಗಿಯಬೇಕು. ಇಲ್ಲದಿದ್ದರೆ ಅದು ಅವನಿಗೆ ಸಲ್ಲುವ ಪುಸ್ತಕವಲ್ಲ! ಈ ಕಾನೂನು ಮಾಡಿದವನು ಮನುವಲ್ಲ. ಮನು ಓದಲೇಬೇಡ ಅಂದ, ಅಷ್ಟಕ್ಕೇ ನಿಂತ. ಇಂಥದ್ದನ್ನೇ ಓದು ಅಂತ ಪಟ್ಟಿ ಮಾಡಿ ಕೊಡುತ್ತಿರುವವರು ನಮ್ಮ ಗೆಳೆಯರು. ಅವರ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಈ ಜಗಳ.

ಜಗಳ ಶುರುವಾದದ್ದು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ. ಹಾಸ್ಟೆಲ್ ಹುಡುಗರಿಗೆ ಒಂದಷ್ಟು ಪುಸ್ತಕ ಕೊಡಿಸೋಣ ಅಂತ ಏಳೆಂಟು ಜನ ಕೈಯಿಂದ ದುಡ್ಡು ಹಾಕಿ ಪಟ್ಟಿ ಬರೆಯಲು ಕೂತಿದ್ದೆವು. ನಾನು 'ಕರ್ವಾಲೋ' ಬರೆಸಿದೆ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ, 1980ರದ್ದು. ಒಬ್ಬ ಹಿರಿಯ ಗೆಳೆಯರು ಪೆನ್ನು ಕೆಳಗಿಟ್ಟರು. "ಅಲ್ಲಪ್ಪಾ, ತೋಟದ ಮಾಲೀಕ ಬರೆದ ಪುಸ್ತಕ ಅದು. ಓತಿಕ್ಯಾತ ಹುಡುಕೋಕೆ ಕಾಡಿಗೆ ಹೋದ ಕತೆ. ಇದರಾಗೆ ನಮ್ದೇನೈತಿ?" ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಪರ ನಿಂತರು. "ಇರ್ಲಿ ಬಿಡ್ರಿ, ಮನಸ್ಸಿಗೆ ನೆಮ್ಮದಿ ಕೊಡೋ ಪುಸ್ತಕ. ಜಾತಿ ಗೀತಿ ಗಲಾಟೆ ಇಲ್ಲ."

ಬೈದ ಗೆಳೆಯರಿಗಿಂತ ಹೊಗಳಿದ ಮೇಷ್ಟ್ರ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು. ಆದರೆ ಮೊದಲು ಗೆಳೆಯರ ಮಾತಿಗೆ ಉತ್ತರ.

ಕನ್ನಡದ ದೊಡ್ಡ ಸಾಹಿತ್ಯದಲ್ಲಿ ನಮ್ಮವನು ಅಂತ ನಮಗೆ ತೋರಿಸುವುದು ಯಾರನ್ನು? ಚೋಮನನ್ನು. ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದದ್ದು. ಚೋಮನಿಗೆ ಬೇಸಾಯ ಮಾಡುವ ಆಸೆ. ಭೂಮಿ ಸಿಗಲಿಲ್ಲ. ಒಬ್ಬ ಮಗ ಜ್ವರದಲ್ಲಿ ಸತ್ತ, ಒಬ್ಬ ಜಾತಿ ಬಿಟ್ಟು ಹೋದ, ನೀಲ ನೀರಿನಲ್ಲಿ ಮುಳುಗಿದ. ದಡದಲ್ಲಿ ಜನ ಇದ್ದರು, ಮುಟ್ಟಿದರೆ ಮೈಲಿಗೆ ಅಂತ ಅವನನ್ನು ಎತ್ತಲಿಲ್ಲ. ಕೊನೆಗೆ ಚೋಮ ದುಡಿ ಬಡಿಯುತ್ತಾ ಸತ್ತ. ಕಾರಂತರು ಸುಳ್ಳು ಬರೆಯಲಿಲ್ಲ. ಅದು ನಡೆದದ್ದು, ನಡೆಯುತ್ತಿರುವುದು. ಓದಲೇಬೇಕಾದ ಪುಸ್ತಕ, ನಮ್ಮವರಿಗಿಂತ ಮೊದಲು ದಡದಲ್ಲಿ ನಿಂತವರ ಮಕ್ಕಳು ಓದಬೇಕಾದ ಪುಸ್ತಕ. ಆದರೆ ಪಾಠದಲ್ಲಿ ಒಂದು ಸಲ, ಭಾಷಣದಲ್ಲಿ ಒಂದು ಸಲ, ಸಿನಿಮಾದಲ್ಲಿ ಒಂದು ಸಲ, ವಿಚಾರ ಸಂಕಿರಣದಲ್ಲಿ ಹತ್ತು ಸಲ ನೀಲನನ್ನು ಮುಳುಗಿಸುತ್ತಲೇ ಇದ್ದರೆ, ಹದಿನಾಲ್ಕು ವರ್ಷದ ಹಾಸ್ಟೆಲ್ ಹುಡುಗನಿಗೆ ಅನ್ನಿಸುವುದೇನು? ಪುಸ್ತಕ ಅಂದರೆ ನಾನು ಸಾಯುವ ಜಾಗ ಅಂತ. ಅವನು ಆಮೇಲೆ ಪುಸ್ತಕ ಮುಟ್ಟದಿದ್ದರೆ ಅವನದೇನು ತಪ್ಪು?

ಮೇಲುಜಾತಿಯ ಹುಡುಗನ ಪುಸ್ತಕದ ಕಪಾಟು ನೋಡಿ. ಅದರಲ್ಲಿ ದ್ವೀಪ ಇದೆ, ಹಡಗು ಇದೆ, ಹುಲಿ ಬೇಟೆ ಇದೆ, ಚಂದ್ರಲೋಕ ಇದೆ. ಅವನು ಎಲ್ಲಿಗೆ ಬೇಕಾದರೂ ಹೋಗಿಬರುತ್ತಾನೆ. ನಮ್ಮ ಹುಡುಗ ಪುಸ್ತಕದಲ್ಲೂ ಕೇರಿ ದಾಟುವಂತಿಲ್ಲ. ಇದು ಸಾಹಿತ್ಯದಲ್ಲಿ ಕಟ್ಟಿದ ಊರಾಚೆಯ ಕೇರಿಯಲ್ಲದೆ ಮತ್ತೇನು?

1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. ಆ ಬಾಗಿಲು ಮುಚ್ಚಿದ್ದಕ್ಕೆ ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಮುಚ್ಚಿದ ಬಾಗಿಲಿನ ಮುಂದೆ ಹುಟ್ಟಿದ ಚಳವಳಿ ತಾನೇ ಒಂದು ಬಾಗಿಲು ಮಾಡಿ ನಮ್ಮ ಹುಡುಗರನ್ನು ಒಳಗಿಟ್ಟು ಚಿಲಕ ಹಾಕುವುದು ಯಾವ ನ್ಯಾಯ? ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಹರಿಹರದಲ್ಲಿ ಹುಟ್ಟಿದವರು, ಕನ್ನಡದ ಮೇಷ್ಟ್ರು. ಮೇಷ್ಟ್ರ ಕೆಲಸ ಪುಸ್ತಕ ತೆರೆಯುವುದು, ಮುಚ್ಚುವುದಲ್ಲ.

ಈಗ 'ಕರ್ವಾಲೋ' ಓದದವರಿಗೆ ಎರಡು ಮಾತು. ಮೂಡಿಗೆರೆ ಸೀಮೆಯಲ್ಲಿ ಒಬ್ಬ ಕೃಷಿಕ. ಅವನೇ ಕತೆ ಹೇಳುವವನು. ಅಲ್ಲೊಬ್ಬರು ಕೀಟವಿಜ್ಞಾನಿ, ಕರ್ವಾಲೋ. ಊರಲ್ಲೊಬ್ಬ ಮಂದಣ್ಣ. ಜೇನು ಕೀಳುವವನು, ಕಾಡು ಸುತ್ತುವವನು, ಕೆಲಸಕ್ಕೆ ಬಾರದವನು ಅಂತ ಊರವರ ಲೆಕ್ಕ. ಕತೆ ಹೇಳುವವನ ಲೆಕ್ಕವೂ ಮೊದಲು ಅದೇ. ಆದರೆ ಎಲ್ಲ ಬಲ್ಲ ಕರ್ವಾಲೋ ಈ ಪೆದ್ದನ ಮಾತಿಗೆ ಕಿವಿಗೊಟ್ಟು ಕೂರುತ್ತಾರೆ! ಯಾಕೆಂದರೆ ಮಂದಣ್ಣನಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. ಹಾರುವ ಓತಿಯನ್ನು ಕಂಡವನು ಅವನು. ಜೀವವಿಕಾಸದ ಕೋಟ್ಯಂತರ ವರ್ಷಗಳ ಗುಟ್ಟು ಇಟ್ಟುಕೊಂಡ ಆ ಪ್ರಾಣಿಯನ್ನು ಹುಡುಕಿ ಒಂದು ತಂಡ ಕಾಡಿಗೆ ಹೊರಡುತ್ತದೆ. ಫೋಟೋ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಹುಡುಗ ಪ್ಯಾರ, ಕಿವಿ ಅನ್ನುವ ನಾಯಿ. ಕೊನೆಗೆ ಓತಿ ಕಾಣುತ್ತದೆ, ಕೈಗೆ ಸಿಕ್ಕುವುದಿಲ್ಲ. ಕಣಿವೆಯ ಕಡೆಗೆ ತೇಲಿಹೋಗುತ್ತದೆ.

ಇಷ್ಟೇ ಕತೆ. ನಗು ಬರುತ್ತದೆ, ಎದೆ ಹಗುರಾಗುತ್ತದೆ. ಪರೀಕ್ಷೆಗೆ ಮುಂಚೆ, ಜ್ವರ ಬಂದಾಗ, ಊರಿಂದ ಕೆಟ್ಟ ಸುದ್ದಿ ಬಂದಾಗ ಮತ್ತೆ ತೆಗೆದು ಓದಬಹುದಾದ ಪುಸ್ತಕ. ಸುಖ ಕೊಡುವ ಪುಸ್ತಕ ಅಂತ ಹೇಳಲು ನನಗೆ ನಾಚಿಕೆ ಇಲ್ಲ. ಹೊಟ್ಟೆ ತುಂಬಿದವನು ಮಾತ್ರ ಸುಖಪಡಬೇಕು ಅನ್ನುವುದು ಹೊಟ್ಟೆ ತುಂಬಿದವನ ಸಿದ್ಧಾಂತ.

ತೇಜಸ್ವಿಯನ್ನು ಬರೀ ಕಾಡಿನ ಚಿತ್ರ ಬರೆದವನು ಅನ್ನುವ ಗೆಳೆಯರು 1973ರ 'ಅಬಚೂರಿನ ಪೋಸ್ಟಾಫೀಸು' ತೆಗೆದು ಮುನ್ನುಡಿ ಓದಲಿ. ನವ್ಯದ ದಾರಿ ಸವೆದುಹೋಯಿತು, ತನ್ನೊಳಗೇ ಸುತ್ತುವುದು ಸಾಕು, ಸಮಾಜದ ಕಡೆ ತಿರುಗೋಣ ಅಂತ ಜಗಳಕ್ಕೆ ನಿಂತವರು ಅವರು. ಬಂಡಾಯ ಅನ್ನುವ ಹೆಸರು ಬರುವ ಆರು ವರ್ಷ ಮೊದಲಿನ ಮಾತು ಇದು.

ಇನ್ನು ಮೇಷ್ಟ್ರ ವಿಚಾರ. "ಜಾತಿ ಗೀತಿ ಗಲಾಟೆ ಇಲ್ಲ" ಅಂದರಲ್ಲ, ಈ ನಮೂನೆಯ ಹೊಗಳಿಕೆಯೇ ಪುಸ್ತಕವನ್ನು ಕೊಲ್ಲುವುದು. ಇವರಿಗೆ 'ಕರ್ವಾಲೋ' ಅಂದರೆ ಹಸಿರು, ಮಳೆ, ಮಂಜು, ಜೀರುಂಡೆ. ಓದಿ ಮುಗಿಸಿ ರಜೆಗೆ ಮೂಡಿಗೆರೆಗೆ ಹೋಗಿ, ಯಾವುದಾದರೂ ಹೋಂಸ್ಟೇಯಲ್ಲಿ ಕೋಣೆ ಹಿಡಿದು, ಆಹಾ ತೇಜಸ್ವಿಯ ಕಾಡು ಅಂತ ಫೋಟೋ ಹಾಕುತ್ತಾರೆ. ಆ ಹೋಂಸ್ಟೇಯಲ್ಲಿ ಬಚ್ಚಲು ತೊಳೆಯುವವನು ಮಂದಣ್ಣ ಇರಬಹುದು ಅನ್ನುವುದು ಇವರ ತಲೆಗೆ ಬರುವುದಿಲ್ಲ.

ಅದಕ್ಕೇ ಮತ್ತೆ ಓದಬೇಕು ಅನ್ನುವುದು. ಮೊದಲ ಓದಿಗೆ ಓತಿ ಕಾಣುತ್ತದೆ. ಎರಡನೇ ಓದಿಗೆ ಮಂದಣ್ಣ ಕಾಣುತ್ತಾನೆ. ಇನ್ನೊಂದು ಸಲ ಓದಿದರೆ ಕೆಲಸದ ಹಂಚಿಕೆ ಕಾಣುತ್ತದೆ. ಕಾಡಿನಲ್ಲಿ ಅಡಿಗೆ ಮಾಡುವವನು ಯಾರು? ಹಾವಿಗೆ ಕೈ ಹಾಕುವವನು ಯಾರು? ಮೊದಲು ಕಂಡವನು ಯಾರು, ಕಂಡದ್ದಕ್ಕೆ ಹೆಸರಿಡುವವನು ಯಾರು? ಕೊನೆಗೆ ಕತೆ ಬರೆಯುವವನು ಯಾರು? ಸಾಹೇಬರು ಯೋಚನೆ ಮಾಡುತ್ತಾರೆ, ಕೃಷಿಕ ಬರೆಯುತ್ತಾನೆ, ಉಳಿದವರು ಮೈ ಬಗ್ಗಿಸುತ್ತಾರೆ. ಇದನ್ನು ತೇಜಸ್ವಿ ಮುಚ್ಚಿಟ್ಟಿಲ್ಲ. ಎಲ್ಲರಿಗೂ ಒಂದು ಹೆಸರು, ಒಂದು ಚಾಳಿ, ಒಂದು ವಿದ್ಯೆ ಕೊಟ್ಟು ಎದುರಿಗೇ ನಿಲ್ಲಿಸಿದ್ದಾರೆ. ಎಷ್ಟೋ ಸಲ ಮಾಲೀಕನೇ ದಡ್ಡನಾಗಿ ಕಾಣುತ್ತಾನೆ. ನೋಡದವರು ನಾವು ಓದುವವರು, ಪಾಠ ಹೇಳುವವರು. (ತಂಡದಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಅನ್ನುವುದನ್ನು ನನಗೆ ತೋರಿಸಿದವಳು ಪಿಯುಸಿ ಓದುವ ಒಬ್ಬ ಹುಡುಗಿ. "ಸೌದೆಗೆ ಕಾಡಿಗೆ ಹೋಗೋರು ನಮ್ಮವ್ವಂದಿರು, ಓತಿ ನೋಡೋಕೆ ಮಾತ್ರ ಗಂಡಸ್ರಾ?" ಅಂದಳು. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ.)

ಮಂದಣ್ಣನ ಜಾತಿ ಯಾವುದು ಅಂತ ನಾನು ಕೆದಕುವುದಿಲ್ಲ. ಅವನ ಸ್ಥಿತಿ ಗೊತ್ತು, ಸಾಕು. ಕಳ್ಳಭಟ್ಟಿ ಕೇಸಿನಲ್ಲಿ ಪೊಲೀಸರ ಕೈಗೆ ಸಿಕ್ಕುವವನು ಅವನೇ. ಮದುವೆಯಾಗಬೇಕು, ಅದಕ್ಕೆ ಒಂದು ನೌಕರಿ ಬೇಕು. ಎಂಥ ನೌಕರಿ? ಸಾಹೇಬರ ಕೈಕೆಳಗೆ ಜವಾನನ ಕೆಲಸ. ಇಲ್ಲಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಕೂರಬೇಕು. ಲೋಕಕ್ಕೆ ಕಾಣದ್ದನ್ನು ಕಂಡ ಕಣ್ಣು. ವಿಜ್ಞಾನಿಯೇ ಅವನ ಹಿಂದೆ ನಡೆಯುತ್ತಾನೆ. ಆದರೂ ಆ ಕಣ್ಣಿಗೆ ಈ ದೇಶ ಕೊಡಬಹುದಾದ ಅತಿ ದೊಡ್ಡ ಆಸೆ ಜವಾನಗಿರಿ!

ಆ ಜವಾನಗಿರಿಯ ಇನ್ನೊಂದು ತುದಿಯಲ್ಲಿ ಯಾರು ಕೂತಿದ್ದಾರೆ ಗೊತ್ತೆ? ತಬರ. ಅದೂ ತೇಜಸ್ವಿಯವರದೇ ಕತೆ, ಕಾಸರವಳ್ಳಿಯವರು ಸಿನಿಮಾ ಮಾಡಿದ್ದು. ಸರಕಾರಕ್ಕೆ ಜೀವಮಾನವಿಡೀ ದುಡಿದ ಸಣ್ಣ ನೌಕರ ತನ್ನ ಪೆನ್ಶನ್ನಿಗೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಅಷ್ಟರಲ್ಲಿ ಹೆಂಡತಿ ಕಾಲು ಕೊಳೆತು ಸಾಯುತ್ತಾಳೆ. ಮಂದಣ್ಣನ ಕನಸಿನ ಮುಂದಿನ ಭಾಗ ತಬರನ ಕತೆ ಅಂತ ಎರಡನ್ನೂ ಒಟ್ಟಿಗೆ ಇಟ್ಟು ಓದಿಸಿ ನೋಡಿ, ಹುಡುಗರಿಗೆ ರಾಜ್ಯಶಾಸ್ತ್ರ ಬೇರೆ ಹೇಳಬೇಕಾಗಿಲ್ಲ. ಇವತ್ತು ಆ ಜವಾನನ ಕೆಲಸವೂ ಹೊರಗುತ್ತಿಗೆ ಏಜೆನ್ಸಿಯ ಪಾಲಾಗುತ್ತಿದೆ. ಪೆನ್ಶನ್ನೇ ಇಲ್ಲದ ಕೆಲಸದಲ್ಲಿ ತಬರನಾಗುವ ಭಾಗ್ಯವೂ ಇಲ್ಲ.

ದಾವಣಗೆರೆಯವರಿಗೆ ಇದು ಅರ್ಥವಾಗಲು ಮಲೆನಾಡಿಗೆ ಹೋಗಬೇಕಾಗಿಲ್ಲ. ಮಂಡಕ್ಕಿ ಭಟ್ಟಿಗೆ ಹೋಗಿ. ಬಾಣಲೆಯಲ್ಲಿ ಮರಳು ಎಷ್ಟು ಕಾಯಬೇಕು, ಉಪ್ಪುನೀರು ಕುಡಿದ ಅಕ್ಕಿ ಎಷ್ಟು ಆರಿರಬೇಕು, ಹಾಕಿದ ಮೇಲೆ ಎಷ್ಟು ಹೊತ್ತಿಗೆ ಜರಡಿಗೆ ಎಳೆಯಬೇಕು, ಇದನ್ನೆಲ್ಲ ಸಪ್ಪಳದ ಮೇಲೇ ಹೇಳುವವರು ಅಲ್ಲಿದ್ದಾರೆ. ಒಂದು ಗಳಿಗೆ ಹೆಚ್ಚಾದರೆ ಕರಕು, ಕಮ್ಮಿಯಾದರೆ ಅರಳುವುದಿಲ್ಲ. ಇದು ಶಾಖದ ವಿಜ್ಞಾನ ಅಲ್ಲವೆ? ಸಂಜೆ ಖಾರ ಮಂಡಕ್ಕಿ, ಮಿರ್ಚಿ ತಿನ್ನುವ ಊರು ಆ ಹೊಗೆಯೊಳಗೆ ಕೆಮ್ಮುವವರನ್ನು ಏನಂತ ಕರೆಯುತ್ತದೆ? ಭಟ್ಟಿಯವರು. ಮುಗಿಯಿತು. ಅವರ ಮಗ ಶಾಲೆಗೆ ಬಂದರೆ ಮೈಯಲ್ಲಿ ಹೊಗೆ ವಾಸನೆ ಅಂತ ಹಿಂದಿನ ಬೆಂಚು. ಒಬ್ಬ ಕರ್ವಾಲೋ ಬಂದು ಆ ತಾಯಿಯ ಪಕ್ಕದಲ್ಲಿ ಕೂತು, "ಇದು ನಿಮಗೆ ಹೆಂಗೆ ಗೊತ್ತಾಗ್ತದವ್ವಾ?" ಅಂತ ಕೇಳಿದ್ದನ್ನು ನೀವು ಕಂಡಿದ್ದೀರಾ?

ನಾನು 'ಕರ್ವಾಲೋ'ದಲ್ಲಿ ಸುಖಪಡುವುದು ಆ ಪ್ರಶ್ನೆಗಾಗಿ. ಕಾಡಿಗಾಗಿ ಅಲ್ಲ. ತಿಳಿದವನು ಅನ್ನಿಸಿಕೊಂಡವನು ತಿಳಿಯದವನು ಅನ್ನಿಸಿಕೊಂಡವನ ಹತ್ತಿರ ಹೋಗಿ ಕೇಳುವುದು ಈ ದೇಶದಲ್ಲಿ ಸಣ್ಣ ಘಟನೆ ಅಲ್ಲ. ಸಾವಿರ ವರ್ಷದಿಂದ ಕೇಳಿಲ್ಲ. ಚರ್ಮ ಹದ ಮಾಡುವುದು, ಸೂಲಗಿತ್ತಿತನ, ಗಿಡಮೂಲಿಕೆ, ತಮಟೆಯ ತಾಳ ಎಲ್ಲವೂ ವಿದ್ಯೆ. ವಿದ್ಯೆ ಅಂತ ಒಪ್ಪಿದರೆ ಗೌರವ ಕೊಡಬೇಕಾಗುತ್ತದೆ, ಕೂಲಿ ಕೊಡಬೇಕಾಗುತ್ತದೆ, ಎದುರು ಕೂರಿಸಬೇಕಾಗುತ್ತದೆ. ಅದಕ್ಕೇ ಅದನ್ನು ಕುಲಕಸುಬು ಅಂದರು.

ಇನ್ನು ಆ ಓತಿ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜಕ್ಕೂ ಇದೆ. ಗೇಣುದ್ದದ ಜೀವ. ಪಕ್ಕೆಲುಬುಗಳು ಉದ್ದಕ್ಕೆ ಚಾಚಿ, ಅದರ ಮೇಲೆ ಚರ್ಮ ಹರಡಿ ರೆಕ್ಕೆಯಾಗಿದೆ. ಮರದಿಂದ ಮರಕ್ಕೆ ತೇಲುತ್ತದೆ. ಅಡಿಕೆ ತೋಟದಲ್ಲೂ ಕಾಣುತ್ತದೆ. ಪಕ್ಕೆಲುಬು ರೆಕ್ಕೆಯಾಗಬಹುದಾದ ಲೋಕದಲ್ಲಿ ಹುಟ್ಟಿದ ಜಾತಿಯಲ್ಲೇ ಸಾಯಬೇಕು ಅನ್ನುವವರ ಮಾತಿಗೆ ಏನು ಬೆಲೆ? ತಲೆಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಅನ್ನುವ ಪುರಾಣಕ್ಕೆ ವಿಕಾಸವಾದದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠ ತೆಗೆದುಹಾಕಿದ್ದಕ್ಕೆ ದೇಶದ ವಿಜ್ಞಾನಿಗಳು ಪ್ರತಿಭಟಿಸಿದರು. ಪಾಠದ ಹೊರೆ ಕಮ್ಮಿ ಮಾಡಿದ್ದೇವೆ ಅನ್ನುವುದು ಸರಕಾರದ ಕಡೆಯವರ ಸಮಜಾಯಿಷಿ. ಯಾರ ಹೊರೆ ಕಮ್ಮಿಯಾಯಿತು ಅಂತ ನಾವು ಕೇಳಬೇಕು. ವಿಜ್ಞಾನ ತೆಗೆದುಕೊಂಡು ಹನ್ನೊಂದನೇ ತರಗತಿಗೆ ಹೋಗುವವರಿಗೆ ಆ ಪಾಠ ಮುಂದೆ ಸಿಕ್ಕೀತು. ಹತ್ತಕ್ಕೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋಗುವವನಿಗೆ ಎಲ್ಲಿ ಸಿಗುತ್ತದೆ? ಅಂಥವನ ಕೈಗೆ ವಿಕಾಸವಾದ ಕಾದಂಬರಿಯಾಗಿ ಆದರೂ ತಲುಪಲಿ ಅಂದರೆ, ನಮ್ಮ ಗೆಳೆಯರು ಪಟ್ಟಿಯಿಂದ ಹೊಡೆದುಹಾಕುತ್ತಾರೆ.

2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಣ ಬಿಟ್ಟ ರೋಹಿತ್ ವೇಮುಲನ ಹೆಸರಲ್ಲಿ ನಾವು ಮೆರವಣಿಗೆ ಮಾಡಿದೆವು, ಕವಿತೆ ಬರೆದೆವು. ಅವನು ತನ್ನ ಕೊನೆಯ ಪತ್ರದಲ್ಲಿ ಏನಾಗಬೇಕು ಅಂತ ಆಸೆಪಟ್ಟೆ ಎಂದು ಹೇಳಿಕೊಂಡಿದ್ದ? ವಿಜ್ಞಾನ ಬರೆಯುವ ಲೇಖಕ, ಕಾರ್ಲ್ ಸಾಗನ್ ಥರ. ಅವನಿಗೆ ನಕ್ಷತ್ರಗಳ ಮೇಲೆ ಪ್ರೀತಿ ಇತ್ತು. ನಮ್ಮ ಪೋಸ್ಟರುಗಳಲ್ಲಿ ಅವನ ಮುಖ ಇದೆ, ನಕ್ಷತ್ರ ಇಲ್ಲ. ಅವನ ಸಾವನ್ನು ನಾವು ತೆಗೆದುಕೊಂಡೆವು. ಅವನ ಬೆರಗನ್ನು ಯಾರು ತೆಗೆದುಕೊಂಡರು? ಹಟ್ಟಿಯ ಹುಡುಗ ಆಕಾಶ ನೋಡಿದರೆ, ಹುಳ ನೋಡಿದರೆ, "ಇದರಾಗೆ ನಮ್ದೇನೈತಿ" ಅಂತ ಅವನ ತಲೆಯ ಮೇಲೆ ಮೊಟಕುವವರು ಮೇಲುಜಾತಿಯವರೇ ಆಗಬೇಕಾಗಿಲ್ಲ.

ಪುಸ್ತಕ ಸಿಗುವುದೆಲ್ಲಿಂದ ಅನ್ನುವ ಮಾತೂ ಇದೆ. ನಾವು ಕೂತು ಜಗಳ ಮಾಡಿದ ಬಡಾವಣೆಯ ಹೆಸರು ನೋಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದದ್ದು 1972ರಿಂದ 1980ರ ಜನವರಿವರೆಗೆ, ನಡುವೆ ಕೆಲವು ತಿಂಗಳು ರಾಷ್ಟ್ರಪತಿ ಆಳ್ವಿಕೆ ಬಿಟ್ಟರೆ. 1974ರ ಭೂಸುಧಾರಣೆ, ಹಾವನೂರು ಆಯೋಗ, ಬಡವರ ಮಕ್ಕಳಿಗೆ ಹಾಸ್ಟೆಲ್ಲು ಹೆಚ್ಚಿದ್ದು ಆ ಕಾಲದಲ್ಲಿ. ಉಳುವವನಿಗೆ ಭೂಮಿ ಅಂದರು. ಗೇಣಿ ಮಾಡುತ್ತಿದ್ದವನಿಗೆ ಸಿಕ್ಕಿತು, ಕೂಲಿ ಮಾಡುತ್ತಿದ್ದ ನಮ್ಮ ತಾತಂದಿರ ಬಹುಪಾಲಿಗೆ ಸಿಗಲಿಲ್ಲ. ಚೋಮ ಚೋಮನಾಗಿಯೇ ಉಳಿದ. ಆದರೆ ಚೋಮನ ಮೊಮ್ಮಗನಿಗೆ ಹಾಸ್ಟೆಲ್ಲಿನಲ್ಲಿ ಒಂದು ತಟ್ಟೆ, ಒಂದು ಟ್ರಂಕು, ಓದುವ ಬಲ್ಬಿನ ಬೆಳಕು ಸಿಕ್ಕಿತು. ನಾನು ಪದವಿ ಮುಗಿಸಿದ್ದು ಆ ಬೆಳಕಿನಲ್ಲಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿದ್ದಿಲ್ಲ.

ನಾನಿದ್ದ ಒಂದು ಹಾಸ್ಟೆಲ್ಲಿನಲ್ಲಿ ಪುಸ್ತಕದ ಬೀರು ಇತ್ತು. ಬೀಗವೂ ಇತ್ತು. ಕೇಳಿದರೆ, "ಹರಿದಾಕ್ತೀರಿ ಕಣ್ರೋ, ಆಡಿಟ್‌ನಾಗೆ ಉತ್ತರ ಯಾರು ಹೇಳೋದು?" ಅನ್ನುವ ಮಾತು. ಗಾಜಿನ ಹಿಂದೆ ಪುಸ್ತಕದ ಬೆನ್ನುಗಳ ಮೇಲಿನ ಹೆಸರು ಓದುತ್ತಾ ಮೂರು ವರ್ಷ ಕಳೆದೆವು. 'ಕರ್ವಾಲೋ' ನನಗೆ ಸಿಕ್ಕಿದ್ದು ರೈಲ್ವೆ ಸ್ಟೇಷನ್ ಕಡೆ ಹಳೇ ಪುಸ್ತಕ ಮಾರುವವನ ಹತ್ತಿರ, ರಟ್ಟಿಲ್ಲದೆ.

ಹಾಸ್ಟೆಲ್ಲಿನ ಬೀರು ಬಿಡಿ, ಊರಿನ ಗ್ರಂಥಾಲಯ ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಈ ಬಡಾವಣೆಯ ಪ್ರತಿ ಮನೆಯವರೂ ಕಟ್ಟುತ್ತಾರೆ, ಬಾಡಿಗೆಯೊಳಗೆ ಸೇರಿಸಿಕೊಂಡು ನಮ್ಮಂಥವರಿಂದಲೂ ವಸೂಲಾಗುತ್ತದೆ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೇ ರೋಗ. ಹಳ್ಳಿಯ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತಿಗೆ ವಹಿಸಿದರು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಬೋರ್ಡು ಬದಲಾಯಿತು, ಸರಿ. ಒಳಗೆ ಹೋಗಿ ಕಪಾಟು ನೋಡಿ ಬರುವ ಹಳ್ಳಿ ಮೇಷ್ಟ್ರುಗಳು ಎಷ್ಟು ಜನ? ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನೇ ತುಂಬಿದ್ದರೆ ಅದು ಜವಾನನ ಕೆಲಸಕ್ಕೆ ಅರ್ಜಿ ಬರೆಯುವ ಜಾಗ ಮಾತ್ರ ಆಗುತ್ತದೆ. ಗೈಡು ಬೇಡ ಅನ್ನುತ್ತಿಲ್ಲ, ನಾನೂ ಓದುತ್ತಿದ್ದೇನೆ. ಪಕ್ಕದಲ್ಲಿ ಒಂದು 'ಕರ್ವಾಲೋ' ಇರಲಿ, ಒಂದು 'ಒಡಲಾಳ' ಇರಲಿ. ದೇವನೂರರ ಸಾಕವ್ವನ ಮನೆಯಲ್ಲೂ ಹಸಿವಿನ ನಡುವೆ ನಗು ಇದೆ, ಮಕ್ಕಳಿಗೆ ಕನಸಿದೆ. ಎರಡನ್ನೂ ಓದಿದ ಹುಡುಗನಿಗೆ ಯಾವುದು ತನ್ನದು ಅಂತ ನಾವು ಹೇಳಿಕೊಡಬೇಕಾಗಿಲ್ಲ.

ಪಟ್ಟಿ ಇನ್ನೂ ಮುಗಿದಿಲ್ಲ. ಮುಂದಿನ ಭಾನುವಾರ ಮತ್ತೆ ಕೂರುತ್ತೇವೆ. ವಿರೋಧ ಇರುವ ಗೆಳೆಯರು ಬರಲಿ, ಆದರೆ ಪುಸ್ತಕ ಓದಿಕೊಂಡು ಬರಲಿ. ನೆಮ್ಮದಿಯ ಮೇಷ್ಟ್ರೂ ಬರಲಿ. ಪಾಠ ಮಾಡುವಾಗ ಮಂದಣ್ಣನ ಜವಾನಗಿರಿಯ ಮಾತು ಬಂದ ಕಡೆ ಪುಟ ತಿರುಗಿಸದೆ ಅಲ್ಲೇ ನಿಲ್ಲಿಸಿ, ಭಟ್ಟಿ ಕೆಲಸದವರ ಮಗನನ್ನು ಹಿಂದಿನ ಬೆಂಚಿನಿಂದ ಎದ್ದು ನಿಲ್ಲಲು ಹೇಳಿ, ಮರಳು ಕಾದದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಲಿ. ಅವನು ಹೇಳುವುದನ್ನು ಬೋರ್ಡಿನ ಮೇಲೆ ಬರೆಯಲಿ.